ಮಾಹಿತಿಯ ವರ್ಗೀಕರಣ ಮತ್ತು ಶೋಧನೆ: ತಿಪ್ಪಸಂದ್ರ ಹೋಬಳಿಯ ನಾಗರಿಕರಿಗಾಗಿ ಪರಿಚಯ ಲೇಖನ

ಪೀಠಿಕೆ

ದಾಖಲೆಯ ನಕಲು ಕೋರಿ ಅರ್ಜಿ ಸಲ್ಲಿಸಿದ ನಾಗರಿಕರಿಗೆ ಕೆಲವು ಸಂದರ್ಭಗಳಲ್ಲಿ ಕೋರಿದ ದಾಖಲೆಯು ಕಚೇರಿಯಲ್ಲಿ ಲಭ್ಯವಿರುವುದಿಲ್ಲವೆಂಬ ಹಿಂಬರಹ ದೊರೆಯುತ್ತದೆ. ಗ್ರಂಥಾಲಯದಲ್ಲಿ ಪುಸ್ತಕ ಕೇಳಿದವರಿಗೂ ಇದೇ ಉತ್ತರ ಬೇರೆ ಮಾತಿನಲ್ಲಿ ಬರುವುದುಂಟು. ಅಂತಹ ದಾಖಲೆ ಅಥವಾ ಪುಸ್ತಕ ನಿಜವಾಗಿಯೂ ಇಲ್ಲದೆ ಇರಬಹುದು. ಅದು ಇದ್ದೂ, ಕೇಳಿದವರು ಹೇಳಿದ ಹೆಸರಿನ ಅಡಿಯಲ್ಲಿ ಇಲ್ಲದೆ ಇರಲೂಬಹುದು. ಮೊದಲನೆಯದಕ್ಕೆ ಮಾಡಬಹುದಾದದ್ದು ಕಡಿಮೆ. ಎರಡನೆಯದಕ್ಕೆ ಪರಿಹಾರವಿದೆ. ಅದನ್ನು ಕಂಡುಕೊಳ್ಳಲು ಕಚೇರಿಗಳಲ್ಲಿ ಹಾಗೂ ಗ್ರಂಥಾಲಯಗಳಲ್ಲಿ ಮಾಹಿತಿಯನ್ನು ಯಾವ ಕ್ರಮದಲ್ಲಿ ಜೋಡಿಸಿಡುತ್ತಾರೆ, ಆ ಕ್ರಮವನ್ನು ಯಾರು, ಎಲ್ಲಿ ಕುಳಿತು ರೂಪಿಸಿದರು ಎಂಬುದನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರಬೇಕಾಗುತ್ತದೆ.

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿ ಹೇಳಿರುವ ಬಹುಪಾಲು ಸಂಗತಿಗಳು ರಾಮನಗರ, ಚನ್ನಪಟ್ಟಣ ಹಾಗೂ ಕನಕಪುರ ತಾಲ್ಲೂಕುಗಳ ನಾಗರಿಕರಿಗೂ ಅನ್ವಯವಾಗುತ್ತವೆ.

ಊರಿನ ಹೆಸರು ಮತ್ತು ದಾಖಲೆಯ ಸ್ಥಾನ

ಲಕೋಟೆಯ ಮೇಲೆ ವಿಳಾಸ ಬರೆಯುವಾಗ ನಾವು ಮೊದಲು ವ್ಯಕ್ತಿಯ ಹೆಸರು, ಅನಂತರ ಊರು, ಹೋಬಳಿ, ತಾಲ್ಲೂಕು, ಕಡೆಗೆ ಜಿಲ್ಲೆ ಎಂದು ಬರೆಯುತ್ತೇವೆ. ಕಂದಾಯ ದಾಖಲೆಯ ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು. ‘ಭೂಮಿ’ ತಂತ್ರಾಂಶವು ಪಹಣಿಗಳನ್ನು ಗಣಕೀಕರಿಸಿದಾಗಲೂ ಇದೇ ಕ್ರಮವನ್ನು ಉಳಿಸಿಕೊಂಡಿತು. ಮೇಲಿನ ಮೆಟ್ಟಿಲಿನಲ್ಲಿ ತಪ್ಪಿದವರು ಕೆಳಗಿನ ಮೆಟ್ಟಿಲುಗಳಲ್ಲಿ ಎಷ್ಟು ಎಚ್ಚರದಿಂದ ಇದ್ದರೂ ಪ್ರಯೋಜನವಾಗದು.

ಮೇಲಿನ ಮೆಟ್ಟಿಲೇ ತಿಪ್ಪಸಂದ್ರದ ಮಟ್ಟಿಗೆ ಹಲವು ಬಾರಿ ಬದಲಾಗಿದೆ. ಮಾಗಡಿ ತಾಲ್ಲೂಕು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿತ್ತು. ಆ ವರ್ಷ ಜಿಲ್ಲೆಯನ್ನು ವಿಭಜಿಸಿದಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತು. 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣವಾಯಿತು. ಜಮೀನು ಇದ್ದಲ್ಲಿಯೇ ಇದೆ. ಅದರ ಕಾಗದಗಳು ನಾಲ್ಕು ಜಿಲ್ಲಾ ಶೀರ್ಷಿಕೆಗಳ ಅಡಿಯಲ್ಲಿ ಹಂಚಿಹೋಗಿವೆ. 1970ರ ಆದೇಶವೊಂದನ್ನು ರಾಮನಗರ ಜಿಲ್ಲೆಯೆಂಬ ತಲೆಬರಹದಡಿ ಹುಡುಕಿದರೆ ಅದು ದೊರೆಯುವುದಿಲ್ಲ. ಹಾಗೆಯೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಬಹುಕಾಲದಿಂದ ಇದ್ದು, ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ಆದುದರಿಂದ ಅರ್ಜಿಯಲ್ಲಿ ಬರಿದೇ ‘ಬೆಂಗಳೂರು ದಕ್ಷಿಣ’ ಎಂದು ಬರೆಯದೆ, ಜಿಲ್ಲೆಯೋ ತಾಲ್ಲೂಕೋ ಎಂಬುದನ್ನು ಸ್ಪಷ್ಟಪಡಿಸುವುದು ಅವಶ್ಯಕ.

ಊರಿನ ಹೆಸರಿನಲ್ಲಿಯೂ ಇಂತಹುದೇ ತೊಡಕು ಇದೆ. ಬೆಂಗಳೂರು ನಗರದ ಪೂರ್ವಭಾಗದಲ್ಲಿ ಇಂದಿರಾನಗರಕ್ಕೆ ಹೊಂದಿಕೊಂಡಂತೆ ಹೊಸ ತಿಪ್ಪಸಂದ್ರವೆಂಬ ಬಡಾವಣೆಯಿದೆ. ಗಣಕಯಂತ್ರದಲ್ಲಿ ತಿಪ್ಪಸಂದ್ರ ಎಂಬ ಒಂದೇ ಪದ ಕೊಟ್ಟು ಹುಡುಕಿದವರಿಗೆ ನಗರದ ತಿಪ್ಪಸಂದ್ರದ ಮಾಹಿತಿಯೇ ರಾಶಿರಾಶಿಯಾಗಿ ಬಂದು, ಮಾಗಡಿಯ ತಿಪ್ಪಸಂದ್ರ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಕೆಲವರು ಮೊದಲಕ್ಷರಕ್ಕೆ ‘ಟಿ’ ಮಾತ್ರ ಬಳಸುತ್ತಾರೆ, ಕೆಲವರು ‘ಟಿ’ಯೊಡನೆ ‘ಎಚ್’ ಸೇರಿಸುತ್ತಾರೆ. ಅಕಾರಾದಿ ಪಟ್ಟಿಯಲ್ಲಿ ಈ ಎರಡು ರೂಪಗಳ ನಡುವೆ ಹಲವು ಪುಟಗಳ ಅಂತರ ಬೀಳಬಹುದು. ಇದಲ್ಲದೆ ‘ಸಂದ್ರ’ವೆಂಬುದು ಕೆರೆಯನ್ನು ಸೂಚಿಸುವ ‘ಸಮುದ್ರ’ ಪದದ ಸವೆದ ರೂಪ. ಇಂದು ಸಂದ್ರ ಎಂದು ಕೊನೆಗೊಳ್ಳುವ ಊರುಗಳ ಹೆಸರು ಹಳೆಯ ಬರಹಗಳಲ್ಲಿ ಸಮುದ್ರವೆಂದೇ ಇರುವ ಸಾಧ್ಯತೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮಜರೆ ಗ್ರಾಮಗಳ ನಿವಾಸಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಜನವಸತಿಯಿರುವ ಪ್ರತಿಯೊಂದು ಊರೂ ಕಂದಾಯ ಗ್ರಾಮವಾಗಿರುವುದಿಲ್ಲ. ಮಜರೆಯ ಜಮೀನಿನ ಪಹಣಿಯು ಅದು ಸೇರಿದ ದಾಖಲೆ ಗ್ರಾಮದ ಹೆಸರಿನಲ್ಲಿ ಇರುತ್ತದೆ. ಇದಕ್ಕೆ ವಿರುದ್ಧವಾಗಿ ಬೇಚಿರಾಕ್ ಗ್ರಾಮಗಳಲ್ಲಿ ಒಂದು ಮನೆಯೂ ಇರುವುದಿಲ್ಲ, ಆದರೆ ದಾಖಲೆಯಲ್ಲಿ ಅವು ಪೂರ್ಣ ಗ್ರಾಮಗಳೇ. ಅಲ್ಲಿನ ಹೊಲವನ್ನು ಪಕ್ಕದ ಊರಿನವರು ತಲೆಮಾರುಗಳಿಂದ ಉಳುತ್ತಿದ್ದರೂ, ಕಾಗದದಲ್ಲಿ ಅದು ಜನರಿಲ್ಲದ ಊರಿನ ಹೊಲವಾಗಿಯೇ ಉಳಿದಿರುತ್ತದೆ. ಇನ್ನು ಹೊಲಗಳನ್ನು ಊರಿನವರು ಗುರುತಿಸುವ ಬಗೆಯೇ ಬೇರೆ. ಕೆರೆ ಹಿಂದಿನ ಗದ್ದೆ, ಹುಣಸೆಮರದ ಹೊಲ, ದೊಡ್ಡಪ್ಪನ ಪಾಲು ಎಂದರೆ ಮನೆಯ ಎಲ್ಲರಿಗೂ ಗೊತ್ತು. ಸರ್ವೆ ನಂಬರು ಮಾತ್ರ ಮನೆಯಲ್ಲಿ ಒಬ್ಬರಿಗೆ ನೆನಪಿದ್ದರೆ ಹೆಚ್ಚು. ಹಳೆಯ ಪತ್ರಗಳಲ್ಲಿ ಸರ್ವೆ ನಂಬರಿನ ಬದಲು ಚಕ್ಕುಬಂದಿಯೇ ಪ್ರಧಾನವಾಗಿರುವುದೂ ಉಂಟು. ಅಂತಹ ಪತ್ರವನ್ನು ಕೈಯಲ್ಲಿ ಹಿಡಿದವರು ಮೊದಲು ಗ್ರಾಮ ನಕಾಶೆ ಹಾಗೂ ಆಕಾರ್‌ಬಂದ್‌ಗಳ ನೆರವಿನಿಂದ ಸರ್ವೆ ನಂಬರನ್ನು ನಿಶ್ಚಯಿಸಿಕೊಂಡು, ಅನಂತರ ಅರ್ಜಿ ಸಲ್ಲಿಸುವುದು ಸೂಕ್ತ.

ಈ ವಿಷಯದಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯ ವ್ಯವಸ್ಥೆ ಗಮನಾರ್ಹವಾದುದು. 1908ರ ನೋಂದಣಿ ಕಾಯ್ದೆಯು ಸ್ಥಿರಾಸ್ತಿಯ ಪತ್ರಗಳಿಗೆ ಎರಡು ಸೂಚಿಗಳನ್ನು ವಿಧಿಸಿದೆ. ಮೊದಲನೆಯದು ಪತ್ರ ಬರೆದುಕೊಟ್ಟವರ ಹಾಗೂ ಅದರಡಿ ಹಕ್ಕು ಪಡೆದವರ ಹೆಸರುಗಳಿಗೆ, ಎರಡನೆಯದು ಆಸ್ತಿಯ ವಿವರಗಳಿಗೆ. ಒಂದೇ ಕ್ರಯಪತ್ರವನ್ನು ಎರಡು ಬಾಗಿಲುಗಳಿಂದ ತಲುಪಬಹುದು. ಆಸ್ತಿಯ ವಿವರದಿಂದ ದೊರೆಯದ ಪತ್ರವನ್ನು ಅಜ್ಜನ ಹೆಸರಿನಿಂದ ಹುಡುಕಲು ಅವಕಾಶವಿದೆ ಎಂಬುದು ಅನೇಕ ಅರ್ಜಿದಾರರಿಗೆ ತಿಳಿದಿಲ್ಲ.

ಹಳೆಯ ಹೆಸರು ಎಲ್ಲಿ ಉಳಿದಿದೆ

ಹೆಸರು ಬದಲಾದರೂ ಹಿಂದಿನ ವರ್ಗೀಕರಣ ಅಳಿಯುವುದಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ 1905ರಲ್ಲಿ ಪ್ರಕಟವಾಯಿತು. ಅದು ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಪ್ರತಿ ತಾಲ್ಲೂಕಿಗೂ ಹೊಸದಾಗಿ 1ರಿಂದ ಸಂಖ್ಯೆ ಕೊಡಲಾಗಿದೆ. ತಮ್ಮ ಊರಿನ ವೀರಗಲ್ಲು ಅಥವಾ ದಾನಶಾಸನದ ಪಾಠವನ್ನು ಬಯಸುವವರು ಮಾಗಡಿ ತಾಲ್ಲೂಕಿನ ಭಾಗವನ್ನು ನೋಡಬೇಕು. ಕನಕಪುರದವರು ತಮ್ಮ ತಾಲ್ಲೂಕನ್ನು ಆ ಸಂಪುಟದಲ್ಲಿ ಕನಕಪುರವೆಂದು ಹುಡುಕಿದರೆ ಸಿಗದು. ಅಲ್ಲಿ ಅದು ಕಾನಕಾನಹಳ್ಳಿ.

ರಾಮನಗರದ ಸಂಗತಿ ಇನ್ನೂ ಸ್ವಾರಸ್ಯಕರ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರಿಂದಾಗಿ ಆ ಪಟ್ಟಣಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರು ಬಂದಿತ್ತು. ಸ್ವಾತಂತ್ರ್ಯಾನಂತರ ಅದು ರಾಮನಗರವಾಯಿತು. ಆದರೆ ಭೂವಿಜ್ಞಾನಿಗಳು ಸುಮಾರು 250 ಕೋಟಿ ವರ್ಷ ಹಳೆಯದಾದ ಅಲ್ಲಿನ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಪ್ರಪಂಚದಾದ್ಯಂತ ಆ ವಿಷಯದ ಪ್ರಬಂಧಗಳು ಆ ಹೆಸರಿನಲ್ಲಿಯೇ ಸೂಚಿತವಾಗಿವೆ. ಊರಿನ ಫಲಕದಿಂದ ಅಳಿದುಹೋದ ಹೆಸರು ವಿಜ್ಞಾನದ ಸೂಚಿಯಲ್ಲಿ ಗಟ್ಟಿಯಾಗಿ ಕುಳಿತಿದೆ. ರಾಮನಗರದ ಬೆಟ್ಟಗಳ ಕುರಿತು ಓದಬಯಸುವ ವಿದ್ಯಾರ್ಥಿಯು ಬಳಕೆಯಲ್ಲಿಲ್ಲದ ಈ ಊರಿನ ಹೆಸರನ್ನು ಬಲ್ಲವನಾಗಿರಬೇಕು.

ಗ್ರಂಥಾಲಯದ ಕಪಾಟು ಮತ್ತು ಅದರ ಅಂಕಿಗಳು

ಪುಸ್ತಕದ ಬೆನ್ನಿನ ಮೇಲೆ ಅಂಟಿಸಿರುವ ಅಂಕಿಗಳನ್ನು ಅನೇಕ ಓದುಗರು ಗಮನಿಸಿರಬಹುದು. ನಮ್ಮ ದೇಶದ ಹೆಚ್ಚಿನ ಗ್ರಂಥಾಲಯಗಳಲ್ಲಿ ಅವು ಅಮೆರಿಕದ ಮೆಲ್ವಿಲ್ ಡ್ಯೂಯಿ ಅವರು 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದ ಅಂಕಿಗಳು. ಡ್ಯೂಯಿಯವರು ಸಮಸ್ತ ಜ್ಞಾನವನ್ನು ಹತ್ತು ವರ್ಗಗಳಾಗಿ ಮಾಡಿ, ಒಂದೊಂದು ವರ್ಗವನ್ನು ಮತ್ತೆ ಹತ್ತಾಗಿ ಒಡೆದರು. ಸರಳವಾದ, ಬೇಗ ಕಲಿಯಬಹುದಾದ ಈ ಕ್ರಮ ಜಗತ್ತಿನಾದ್ಯಂತ ಹಬ್ಬಿತು.

ಅದು ಒಂದು ಕಾಲೇಜಿನ ಗ್ರಂಥಾಲಯಕ್ಕಾಗಿ, ಅಲ್ಲಿದ್ದ ಪುಸ್ತಕಗಳಿಗೆ ತಕ್ಕಂತೆ ರೂಪುಗೊಂಡ ಕ್ರಮ. ಧರ್ಮದ ವರ್ಗವಾದ 200ರಲ್ಲಿ 220ರಿಂದ 280ರವರೆಗಿನ ವಿಭಾಗಗಳೆಲ್ಲ ಕ್ರೈಸ್ತಧರ್ಮಕ್ಕೆ ಮೀಸಲಾದವು. ಪ್ರಪಂಚದ ಉಳಿದ ಧರ್ಮಗಳೆಲ್ಲ 290ರ ಒಂದು ಗೂಡಿನಲ್ಲಿ ಸೇರಿಕೊಂಡವು. ಬೌದ್ಧಧರ್ಮ 294.3, ಜೈನಧರ್ಮ 294.4, ಹಿಂದೂಧರ್ಮ 294.5. ಸಾಹಿತ್ಯದಲ್ಲಿ ಇಂಗ್ಲಿಷಿಗೆ 820 ಎಂಬ ಮೂರೇ ಅಂಕಿ ಸಾಕು. ಕನ್ನಡ ಸಾಹಿತ್ಯಕ್ಕೆ 894.814 ಎಂದು ಆರು ಅಂಕಿ ಬರೆಯಬೇಕು. ಅಷ್ಟೇ ಅಲ್ಲ, ದ್ರಾವಿಡ ಭಾಷೆಗಳನ್ನು ಉರಾಲಿಕ್ ಹಾಗೂ ಅಲ್ಟಾಯಿಕ್ ಭಾಷೆಗಳೊಂದಿಗೆ ಒಂದೇ ವಿಭಾಗದಲ್ಲಿ ಇರಿಸಿದ್ದರಿಂದ, ಕನ್ನಡ ಕಾದಂಬರಿಗಳಿಗೆ ಕಪಾಟಿನಲ್ಲಿ ನೆರೆಹೊರೆಯಾಗಿ ಟರ್ಕಿಶ್, ಹಂಗೇರಿಯನ್ ಮತ್ತು ಫಿನ್ನಿಶ್ ಸಾಹಿತ್ಯ ಬರುತ್ತದೆ. ನಡುನಡುವೆ ಪರಿಷ್ಕರಣೆಗಳು ಆಗಿವೆ. ಆದರೆ ಮೂಲದ ಎಲುಬುಗೂಡು ಹಾಗೆಯೇ ಇದೆ. ಇದನ್ನು ಆಕ್ಷೇಪಣೆಯಾಗಿ ಇಲ್ಲಿ ಹೇಳುತ್ತಿಲ್ಲ. ಓದುಗರು ಕನ್ನಡ ಕಪಾಟನ್ನು 400 ಅಥವಾ 800ರ ಆರಂಭದಲ್ಲಿ ಹುಡುಕದೆ ಕೊನೆಯ ಭಾಗದಲ್ಲಿ ಹುಡುಕಲಿ ಎಂಬುದಕ್ಕಾಗಿ ಹೇಳಲಾಗಿದೆ.

ಕನ್ನಡದ ಕೆಲವು ಕೃತಿಗಳು ಈ ಚೌಕಟ್ಟಿನಲ್ಲಿ ಎಲ್ಲಿಯೂ ಪೂರ್ತಿಯಾಗಿ ಕೂರುವುದಿಲ್ಲ. ವಚನಗಳನ್ನು ಸಾಹಿತ್ಯವೆಂದು ಭಾವಿಸಿದ ಗ್ರಂಥಪಾಲಕರು 894.814ರಲ್ಲಿ ಇಡುತ್ತಾರೆ, ಧರ್ಮಗ್ರಂಥವೆಂದು ಭಾವಿಸಿದವರು 294.5ರಲ್ಲಿ ಇಡುತ್ತಾರೆ. ಹೀಗಾಗಿ ಬಸವಣ್ಣನವರ ವಚನಗಳ ಎರಡು ಮುದ್ರಣಗಳು ಒಂದೇ ಗ್ರಂಥಾಲಯದ ಎರಡು ತುದಿಗಳಲ್ಲಿ ಇರಬಹುದು. ವಚನಗಳಿಗೆ ತಮ್ಮದೇ ಆದ ವರ್ಗೀಕರಣವಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 15ನೇ ಶತಮಾನದ ಸಂಕಲನಕಾರರು ವಚನಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಅನುಸಾರವಾಗಿ ಜೋಡಿಸಿದರು. ಸಾಧಕನು ತಾನಿರುವ ಮೆಟ್ಟಿಲಿಗೆ ತಕ್ಕ ವಚನವನ್ನು ಕಂಡುಕೊಳ್ಳಲು ಅದು ಅನುಕೂಲವಾಗಿತ್ತು. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ವಚನಕಾರರ ಹೆಸರು ಜೋಡಣೆಗೆ ಆಧಾರವಾಯಿತು. ಸಂಶೋಧಕರಿಗೆ ಇದು ಅನುಕೂಲ. ಅದೇ ವಚನ, ಅದೇ ಪದಗಳು. ಹುಡುಕುವವನು ಬದಲಾದುದರಿಂದ ಜೋಡಣೆಯೂ ಬದಲಾಯಿತು.

ಇನ್ನೂ ಹಿಂದಿನ ಉದಾಹರಣೆ ಲೋಕೋಪಕಾರ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ರಚಿಸಿದ ಈ ಕನ್ನಡ ಗ್ರಂಥ 12 ಅಧ್ಯಾಯಗಳಲ್ಲಿದೆ. (ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಬೇರೆ. ಹೆಸರಿನಿಂದ ಹುಡುಕುವವರು ಇಲ್ಲಿಯೂ ಎಚ್ಚರದಿಂದಿರಬೇಕು.) ಜ್ಯೋತಿಷ, ಮನೆ ಕಟ್ಟುವ ವಾಸ್ತು, ಬಾವಿಗೆ ನೀರಿನ ಸೆಲೆ ಕಾಣುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ವೈದ್ಯ, ದನಕರುಗಳ ಚಿಕಿತ್ಸೆ, ಶಕುನ ಇವೆಲ್ಲವೂ ಅದರಲ್ಲಿ ಒಂದರ ಪಕ್ಕದಲ್ಲಿ ಒಂದಿವೆ. ಒಂದು ಸಂಸಾರ ಊರಿನಲ್ಲಿ ನೆಲೆಯೂರಿ ಬಾಳಲು ಏನೇನು ತಿಳಿದಿರಬೇಕೋ ಅದೇ ಆ ಗ್ರಂಥದ ವಿಷಯಸೂಚಿ. ಡ್ಯೂಯಿಯವರ ಕ್ರಮದಲ್ಲಿ ಇದೇ ವಿಷಯಗಳು ಚದುರಿಹೋಗುತ್ತವೆ. ಶಕುನ, ಜ್ಯೋತಿಷ ಮತ್ತು ನೀರಿನ ಸೆಲೆ ಹೇಳುವುದು 133ಕ್ಕೆ, ವೈದ್ಯ 610ಕ್ಕೆ, ಕೃಷಿ 630ಕ್ಕೆ, ಅಡುಗೆ 641.5ಕ್ಕೆ, ಕಟ್ಟಡ 720ಕ್ಕೆ ಹೋಗುತ್ತವೆ. ಚೀನಾದಲ್ಲಿ 18ನೇ ಶತಮಾನದ ಅರಮನೆಯ ಬೃಹತ್ ಗ್ರಂಥಸಂಗ್ರಹವನ್ನು ಶಾಸ್ತ್ರಗ್ರಂಥ, ಇತಿಹಾಸ, ಚಿಂತಕರ ಕೃತಿಗಳು, ಸಾಹಿತ್ಯ ಸಂಕಲನಗಳು ಎಂಬ ನಾಲ್ಕೇ ಭಾಗಗಳಲ್ಲಿ ಜೋಡಿಸಲಾಗಿತ್ತು. ಅಲ್ಲಿ ಧರ್ಮಕ್ಕೆಂದು ಪ್ರತ್ಯೇಕ ಮಹಾವರ್ಗವೇ ಇರಲಿಲ್ಲ.

ರಂಗನಾಥನ್ ಅವರ ಕ್ರಮ

ಜ್ಞಾನವನ್ನು ಮೊದಲೇ ಕಟ್ಟಿದ ಗೂಡುಗಳಲ್ಲಿ ತುಂಬುವುದಕ್ಕೆ ಬದಲಾಗಿ ಬೇರೊಂದು ಮಾರ್ಗವನ್ನು ತೋರಿಸಿದವರು ಡಾ. ಎಸ್.ಆರ್. ರಂಗನಾಥನ್. 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದ ಅವರು ಗಣಿತದ ಅಧ್ಯಾಪಕರು. ವೃತ್ತಿಯನ್ನು ಆರಂಭಿಸಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡು ತರಬೇತಿಗಾಗಿ ಲಂಡನ್ನಿಗೆ ತೆರಳಿದರು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆಯನ್ನು ಕಂಡರು. ಕೆಲವೇ ಪಟ್ಟಿ, ತಿರುಪು, ಗಾಲಿಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಎಷ್ಟೋ ಬಗೆಯ ಆಟಿಕೆಗಳನ್ನು ಮಾಡಬಹುದಾಗಿತ್ತು. ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಕೂಡಿಸಬಹುದೆಂಬ ಆಲೋಚನೆ 1933ರಲ್ಲಿ ಕೋಲನ್ ವರ್ಗೀಕರಣವಾಗಿ ಪ್ರಕಟವಾಯಿತು. ಭಾಗಗಳನ್ನು ಬೆಸೆಯಲು ಅವರು ಬಳಸಿದ ಎರಡು ಚುಕ್ಕಿಗಳ ಚಿಹ್ನೆಯೇ ಈ ಹೆಸರಿಗೆ ಕಾರಣ.

ರಂಗನಾಥನ್ ಅವರು 1957ರಿಂದ ಬೆಂಗಳೂರಿನಲ್ಲಿ ನೆಲೆಸಿದರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿಯೇ ಆರಂಭಿಸಿದರು. 1972ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು. ಅವರ ಪ್ರಕಾರ ಯಾವುದೇ ವಿಷಯವನ್ನು ಐದು ಮುಖಗಳಿಂದ ನೋಡಬಹುದು: ವ್ಯಕ್ತಿತ್ವ ಅಂದರೆ ವಿಷಯದ ಕೇಂದ್ರವಸ್ತು, ದ್ರವ್ಯ, ಕ್ರಿಯೆ, ದೇಶ ಮತ್ತು ಕಾಲ. ಅವರ ಪಟ್ಟಿಯಲ್ಲಿ ಇಂಗ್ಲಿಷಿನ ಅಂಕಿ 111, ಕನ್ನಡದ ಅಂಕಿ 33. ಡ್ಯೂಯಿಯವರಲ್ಲಿ ಉದ್ದವಾಗಿದ್ದುದು ಇಲ್ಲಿ ಚಿಕ್ಕದಾಯಿತು, ಚಿಕ್ಕದಾಗಿದ್ದುದು ಉದ್ದವಾಯಿತು. ಪಟ್ಟಿ ಮಾಡುವವರು ಮದರಾಸಿನಲ್ಲಿ ಕುಳಿತಿದ್ದರೆಂಬುದು ಆ ಅಂಕಿಗಳಲ್ಲಿಯೇ ಕಾಣುತ್ತದೆ. ಸಾಹಿತಿಗಳನ್ನು ಅವರ ಜನ್ಮವರ್ಷದಿಂದ ಗುರುತಿಸುವುದು ಈ ಕ್ರಮದ ಇನ್ನೊಂದು ವಿಶೇಷ. ಒಬ್ಬನೇ ಲೇಖಕ ಎರಡು ಹೆಸರಿನಲ್ಲಿ ಬರೆದರೂ ಜನ್ಮವರ್ಷ ಬದಲಾಗುವುದಿಲ್ಲವಷ್ಟೆ.

ಕೋಲನ್ ವರ್ಗೀಕರಣವನ್ನು ಕಪಾಟುಗಳಿಗೆ ಬಳಸುವ ಗ್ರಂಥಾಲಯಗಳು ಈಗ ಕಡಿಮೆ. ಅದರ ಚಿಹ್ನೆಗಳು ಸಾಮಾನ್ಯ ಓದುಗರಿಗೆ ಕಠಿಣವೆನಿಸಿದವು ಎಂಬುದನ್ನು ಒಪ್ಪಬೇಕು. ಆದರೆ ಮುಖವಾರು ವಿಂಗಡಣೆಯ ತತ್ತ್ವ ಗಣಕಯಂತ್ರದ ಕಾಲಕ್ಕೆ ಬಹಳ ಚೆನ್ನಾಗಿ ಹೊಂದಿಕೊಂಡಿತು. ಅಂತರಜಾಲ ತಾಣದಲ್ಲಿ ಸ್ಥಳ, ವರ್ಷ, ಬಗೆ ಎಂದು ಒಂದೊಂದನ್ನೇ ಆಯ್ದು ಪಟ್ಟಿಯನ್ನು ಕಿರಿದುಗೊಳಿಸುವ ಸೌಲಭ್ಯ ಇದೇ ತತ್ತ್ವವನ್ನು ಅನುಸರಿಸುತ್ತದೆ.

ರೇಷ್ಮೆ ಹುಳುವಿನ ರೋಗಗಳ ಹೆಸರುಗಳು

ಹೆಸರಿನ ವ್ಯತ್ಯಾಸದಿಂದ ನಷ್ಟವಾಗುವುದು ಹೇಗೆಂಬುದನ್ನು ಈ ಭಾಗದ ಪ್ರಮುಖ ಕಸುಬಾದ ರೇಷ್ಮೆ ಕೃಷಿಯಿಂದ ತಿಳಿಯಬಹುದು. ಹುಳುವಿನ ಮೈ ಊದಿಕೊಂಡು ಹಾಲಿನಂತಹ ದ್ರವ ಒಸರಿದರೆ ರೈತರು ಅದನ್ನು ಹಾಲುತೊಂಡೆ ರೋಗವೆನ್ನುತ್ತಾರೆ. ಸತ್ತ ಹುಳು ಬೆಳ್ಳಗೆ, ಸುಣ್ಣದ ಕಡ್ಡಿಯಂತೆ ಗಡುಸಾದರೆ ಸುಣ್ಣಕಟ್ಟು ರೋಗ. ಹುಳು ಮೆತ್ತಗಾಗಿ ಬಿದ್ದರೆ ಸಪ್ಪೆ ರೋಗ. ಮೊಟ್ಟೆಯ ಮೂಲಕ ಪೀಳಿಗೆಯಿಂದ ಪೀಳಿಗೆಗೆ ಹರಡುವುದು ಗಂಟು ರೋಗ. ಪುಸ್ತಕಗಳ ಸೂಚಿಯಲ್ಲಿ ಇವುಗಳಿಗೆ ಅನುಕ್ರಮವಾಗಿ ಗ್ರಾಸರಿ, ಮಸ್ಕಾರ್ಡಿನ್, ಫ್ಲಾಚರಿ, ಪೆಬ್ರಿನ್ ಎಂಬ ಹೆಸರುಗಳಿರುತ್ತವೆ. ಸಂಶೋಧಕರು ಇವನ್ನು ಮತ್ತೊಂದು ರೀತಿ ವಿಂಗಡಿಸುತ್ತಾರೆ: ಹಾಲುತೊಂಡೆ ವೈರಸ್ಸಿನಿಂದ, ಸುಣ್ಣಕಟ್ಟು ಶಿಲೀಂಧ್ರದಿಂದ, ಗಂಟು ರೋಗ ನೊಸಿಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತವೆ.

ರೈತರ ಹೆಸರುಗಳು ಕೇವಲ ರೂಢಿಯವು, ಪುಸ್ತಕದ ಹೆಸರುಗಳು ಶಾಸ್ತ್ರೀಯವಾದವು ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಗ್ರಾಸರಿ ಎಂಬ ಫ್ರೆಂಚ್ ಪದ ಹುಳುವಿನ ಮೈ ಕೊಬ್ಬಿದಂತೆ ಕಾಣುವುದರಿಂದ ಬಂದದ್ದು. ಪೆಬ್ರಿನ್ ಎಂಬುದು ದಕ್ಷಿಣ ಫ್ರಾನ್ಸಿನ ಆಡುಮಾತಿನಲ್ಲಿ ಕಾಳುಮೆಣಸನ್ನು ಸೂಚಿಸುವ ಪದದಿಂದ ಬಂದದ್ದು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತಹ ಕಪ್ಪು ಚುಕ್ಕೆಗಳಿರುತ್ತವೆ. 1865ರಿಂದ ಲೂಯಿ ಪಾಶ್ಚರ್ ಅವರು ಆ ಪ್ರದೇಶದಲ್ಲಿಯೇ ಈ ರೋಗವನ್ನು ಅಧ್ಯಯನ ಮಾಡಿದರು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನು ಮಾತ್ರ ಉಳಿಸಿಕೊಳ್ಳುವ ವಿಧಾನ ಅವರಿಂದ ಬಳಕೆಗೆ ಬಂದಿತು. ಹೀಗಾಗಿ ಪುಸ್ತಕದ ಹೆಸರುಗಳೂ ರೈತರ ಹೆಸರುಗಳೇ. ಆದರೆ ಬೇರೆ ನಾಡಿನ ರೈತರವು.

ಇದರ ಪರಿಣಾಮ ಅಲ್ಪವಾದುದಲ್ಲ. ನಾಲ್ಕನೇ ಜ್ವರ ಎದ್ದ ಹುಳುಗಳಲ್ಲಿ ರೋಗ ಕಾಣಿಸಿಕೊಂಡಾಗ ರೈತರ ಕೈಯಲ್ಲಿ ಕೆಲವೇ ದಿನಗಳ ಅವಕಾಶವಿರುತ್ತದೆ. ಆ ದಿನಗಳು ಕಳೆದರೆ ಚಂದ್ರಿಕೆಗೆ ಹುಳು ಏರುವುದಿಲ್ಲ, ಸೊಪ್ಪಿಗೆ ಹಾಕಿದ ಹಣ ಹಿಂತಿರುಗುವುದಿಲ್ಲ. ಹಾಲುತೊಂಡೆ ಎಂಬ ಪದವನ್ನು ಕೊಟ್ಟು ಹುಡುಕಿದಾಗ ಗ್ರಾಸರಿ ಎಂಬ ಶೀರ್ಷಿಕೆಯ ಕೈಪಿಡಿ ದೊರೆಯಬೇಕಾದರೆ, ಸೂಚಿಯನ್ನು ಸಿದ್ಧಪಡಿಸಿದವರು ಒಂದರಿಂದ ಇನ್ನೊಂದಕ್ಕೆ ‘ನೋಡಿ’ ಎಂಬ ಉಲ್ಲೇಖವನ್ನು ಕೊಟ್ಟಿರಬೇಕು. ಹಾಗೆ ಕೊಟ್ಟಿಲ್ಲದ ಕಡೆ ಓದುಗರೇ ಎರಡೂ ಹೆಸರುಗಳಿಂದ ಹುಡುಕುವುದು ಕ್ಷೇಮ. ಡ್ಯೂಯಿ ಅಂಕಿಗಳಿರುವ ಗ್ರಂಥಾಲಯದಲ್ಲಿ ಹುಳು ಸಾಕಣೆಯ ಪುಸ್ತಕಗಳು 638.2ರಲ್ಲಿ, ರೇಷ್ಮೆ ಬಟ್ಟೆಯ ಉದ್ಯಮದ ಪುಸ್ತಕಗಳು 677.39ರಲ್ಲಿ ಇರುತ್ತವೆ.

ವ್ಯಕ್ತಿಗಳ ಹೆಸರುಗಳು

ಪಾಶ್ಚಾತ್ಯ ಗ್ರಂಥಸೂಚಿಗಳಲ್ಲಿ ಲೇಖಕರನ್ನು ಮನೆತನದ ಹೆಸರಿನಡಿ ನಮೂದಿಸುವುದು ರೂಢಿ. ಹಳೆಯ ಮೈಸೂರು ಭಾಗದಲ್ಲಿ ಬಹುಪಾಲು ಜನರಿಗೆ ಅಂತಹ ಹೆಸರೇ ಇಲ್ಲ. ಹೆಸರಿನ ಹಿಂದಿನ ಅಕ್ಷರಗಳು ಊರನ್ನೋ ತಂದೆಯನ್ನೋ ಸೂಚಿಸುತ್ತವೆ. ಆದುದರಿಂದ ಕೆ.ವಿ. ಪುಟ್ಟಪ್ಪನವರು ಒಂದು ಸೂಚಿಯಲ್ಲಿ ‘ಪ’ಕಾರದಲ್ಲಿ, ಇನ್ನೊಂದರಲ್ಲಿ ಕುವೆಂಪು ಎಂದು ‘ಕ’ಕಾರದಲ್ಲಿ ದೊರೆಯುತ್ತಾರೆ. ಬೇಂದ್ರೆಯವರನ್ನು ಅಂಬಿಕಾತನಯದತ್ತರ ಹೆಸರಿನಲ್ಲಿ, ಮಾಸ್ತಿಯವರನ್ನು ಶ್ರೀನಿವಾಸರ ಹೆಸರಿನಲ್ಲಿ ಹುಡುಕಬೇಕಾಗಬಹುದು. ಕ್ಷ ಅಕ್ಷರವನ್ನು ಕೆಲವು ಪಟ್ಟಿಗಳಲ್ಲಿ ‘ಕ’ಕಾರದ ಒಳಗೆ, ಕೆಲವುಗಳಲ್ಲಿ ವರ್ಣಮಾಲೆಯ ಕೊನೆಯಲ್ಲಿ ಇಡಲಾಗಿದೆ. ನಾಗರಿಕ ಸೇವೆಗಳ ಅರ್ಜಿಯಲ್ಲಿಯೂ ಇದೇ ಸಮಸ್ಯೆ ಬರುತ್ತದೆ. ಶಾಲಾ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಗುರುತಿನ ಚೀಟಿಯಲ್ಲಿ ಹಿಂದೆ ಇದ್ದಾಗ ಗಣಕಯಂತ್ರ ಅವರನ್ನು ಇಬ್ಬರೆಂದು ಎಣಿಸಬಹುದು.

ಅರ್ಜಿ ಸಲ್ಲಿಸುವವರು ಗಮನಿಸಬೇಕಾದ ಅಂಶಗಳು

ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 4(1)(ಎ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವು ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ನಿರ್ವಹಿಸಬೇಕು. ದಾಖಲೆ ಲಭ್ಯವಿಲ್ಲವೆಂಬ ಉತ್ತರ ಪಡೆದವರು ಆ ವರ್ಷದ, ಆ ಶಾಖೆಯ ಕಡತಗಳ ಪಟ್ಟಿಯನ್ನು ಕೋರಬಹುದು. ಎಷ್ಟೋ ಸಲ ಬೇಕಾದ ಕಡತ ಆ ಪಟ್ಟಿಯಲ್ಲಿ ಬೇರೆ ಶೀರ್ಷಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ಈ ಅವಕಾಶವನ್ನು ನಾಗರಿಕರು ಇನ್ನೂ ಹೆಚ್ಚಾಗಿ ಬಳಸಿಕೊಳ್ಳಬೇಕಾಗಿದೆ. ಕೋರಿದ ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ, ಕಲಂ 6(3)ರಂತೆ ಅರ್ಜಿಯನ್ನು 5 ದಿನಗಳ ಒಳಗಾಗಿ ಅಲ್ಲಿಗೆ ವರ್ಗಾಯಿಸಬೇಕು. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ತಂದ ತಿದ್ದುಪಡಿಯಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದುದರಿಂದ ದೀರ್ಘ ಹಿನ್ನೆಲೆಯನ್ನು ಬರೆಯುವುದಕ್ಕಿಂತ ದಾಖಲೆಯನ್ನು ಗುರುತಿಸುವ ಪದಗಳಿಗೆ ಆ ಮಿತಿಯನ್ನು ಬಳಸುವುದು ಲೇಸು.

ಪದಗಳನ್ನು ಆಯ್ಕೆ ಮಾಡುವಾಗ ರಂಗನಾಥನ್ ಅವರ ಮುಖಗಳು ಉಪಯೋಗಕ್ಕೆ ಬರುತ್ತವೆ. ‘ನಮ್ಮ ತಾತನ ಜಮೀನಿನ ಹಳೆಯ ಕಾಗದಗಳು’ ಎಂಬ ಕೋರಿಕೆಯಿಂದ ಅಭಿಲೇಖಾಲಯದ ಸಿಬ್ಬಂದಿ ಏನನ್ನೂ ಹುಡುಕಲಾರರು. ಅದನ್ನೇ ಹೀಗೆ ಬರೆಯಬಹುದು: ಅಂದಿನ ಬೆಂಗಳೂರು ಜಿಲ್ಲೆ, ಮಾಗಡಿ ತಾಲ್ಲೂಕು, ತಿಪ್ಪಸಂದ್ರ ಹೋಬಳಿ, ಇಂತಹ ದಾಖಲೆ ಗ್ರಾಮ (ಮಜರೆಯ ಹೆಸರು ಸಹಿತ), ಸರ್ವೆ ನಂಬರು ಇಷ್ಟು, ಇಂತಹವರ ಹೆಸರಿನಿಂದ ಇಂತಹವರ ಹೆಸರಿಗೆ ಆದ ಖಾತೆ ಬದಲಾವಣೆ, 1968ರಿಂದ 1974ರವರೆಗಿನ ಅವಧಿ. ಇಲ್ಲಿ ವ್ಯಕ್ತಿ, ವಸ್ತು, ಕ್ರಿಯೆ, ದೇಶ, ಕಾಲ ಐದೂ ಬಂದವು. ನಿಖರವಾದ ವರ್ಷ ತಿಳಿಯದಿದ್ದರೆ ಅವಧಿಯನ್ನು ನೀಡುವುದು ಸೂಕ್ತ. ತಪ್ಪು ವರ್ಷಕ್ಕಿಂತ ಅಗಲವಾದ ಅವಧಿ ಮೇಲು.

ಕಂದಾಯ ಇಲಾಖೆಯು 2024ರಲ್ಲಿ ಆರಂಭಿಸಿದ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಅಭಿಲೇಖಾಲಯಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕಾರ್ಯ ಕೈಗೊಳ್ಳಲಾಗಿದೆ. ಸ್ಕ್ಯಾನ್ ಆದ ಪುಟವು ಗಣಕಯಂತ್ರಕ್ಕೆ ಒಂದು ಚಿತ್ರ ಮಾತ್ರ. ಅದರೊಡನೆ ನಮೂದಿಸಿದ ಗ್ರಾಮ, ಸರ್ವೆ ನಂಬರು ಮತ್ತು ವರ್ಷಗಳಿಂದಲೇ ಅದು ಮತ್ತೆ ದೊರೆಯುತ್ತದೆ. ಆ ನಮೂದಿನಲ್ಲಿ ದೋಷ ಕಂಡುಬಂದರೆ, ಮೂಲ ಪುಟದ ಪ್ರತಿಯೊಂದಿಗೆ ಸಂಬಂಧಪಟ್ಟ ತಹಸೀಲ್ದಾರರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು.

ಗ್ರಂಥಾಲಯ ಸೇವೆಯನ್ನು ಬಯಸುವ ಹೋಬಳಿಯ ಓದುಗರು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡು ಅರಿವು ಕೇಂದ್ರಗಳೆಂಬ ಹೆಸರು ಪಡೆದಿರುವುದನ್ನು ಗಮನಿಸಬೇಕು. ಅವುಗಳಿಗೆ ಸಂಬಂಧಿಸಿದ ಅದಕ್ಕೂ ಹಿಂದಿನ ಆದೇಶಗಳನ್ನು ಮೊದಲಿನ ಇಲಾಖೆಯ ಕಡತಗಳಲ್ಲಿ ಹುಡುಕತಕ್ಕದ್ದು.